ರಕ್ತಕೇಂದ್ರದಲ್ಲಿ ರೀಏಜೆಂಟ್ ಸಪ್ಲೈಯರ್ ಬದಲಿಸುವಾಗ: ಬಳ್ಳಾರಿ ಸೀಮೆಯ ಲ್ಯಾಬ್‌ಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ರೀಏಜೆಂಟ್ (ರಕ್ತದ ಗ್ರೂಪ್ ಪತ್ತೆಗೆ ಬಳಸುವ ಸೀರಂನಂಥ ದ್ರಾವಣ) ಸಪ್ಲೈಯರ್ ಬದಲಾಗುವುದು ಎಷ್ಟೋ ಸಲ ಒಂದು ಫೋನ್ ಕರೆಯಿಂದ. "ಸಾರ್, ಈ ತಿಂಗಳು ಆಂಟಿ-ಡಿ ಸ್ಟಾಕ್ ಇಲ್ಲ, ಬೇರೆ ಕಂಪನಿಯದು ಕಳಿಸಲಾ?" ಎಂದು ಡಿಸ್ಟ್ರಿಬ್ಯೂಟರ್ ಕೇಳುತ್ತಾನೆ. (ಆಂಟಿ-ಡಿ ಎಂದರೆ ರಕ್ತ ಪಾಸಿಟಿವ್ವೋ ನೆಗೆಟಿವ್ವೋ ಎಂದು ತೋರಿಸುವ ಸೀರಂ.) "ಹೂಂ, ಕಳ್ಸಿ" ಎಂದರೆ ಮರುದಿನ ಬೆಳಿಗ್ಗೆ ಬಸ್ ಪಾರ್ಸೆಲ್‌ನಲ್ಲಿ ಹೊಸ ಬಾಟಲಿ ಬಂದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದರಲ್ಲೇ ಗ್ರೂಪಿಂಗ್, ಅಂದರೆ ರಕ್ತದ ಗ್ರೂಪ್ ನೋಡುವ ಕೆಲಸ, ಶುರು. ಆ "ಹೂಂ"ಗೂ ಆ ಮಧ್ಯಾಹ್ನಕ್ಕೂ ನಡುವೆ ಏನೇನು ನಡೆಯಬೇಕು ಎಂಬುದೇ ಈ ಬರಹ.

ವಿಷಯ ಇಷ್ಟೇ. ಹೊಸ ಸೀರಂ ನಮ್ಮ ಫ್ರಿಜ್‌ನಲ್ಲಿದ್ದು, ನಮ್ಮ ಜನರ ರಕ್ತದ ಮೇಲೆ, ನಮ್ಮ ಟೆಕ್ನೀಷಿಯನ್‌ಗಳ ಕೈಯಲ್ಲಿ ಸರಿಯಾಗಿ ಕೆಲಸ ಮಾಡಿದ್ದನ್ನು ನೋಡುವವರೆಗೆ ಹಳೆಯದನ್ನು ಕೈಬಿಡಬಾರದು. ಕಂಪನಿಯ ಸರ್ಟಿಫಿಕೇಟ್ ಅವರ ಲ್ಯಾಬ್‌ನಲ್ಲಿ ಏನಾಯಿತು ಎಂದು ಹೇಳುತ್ತದೆ. ಬೆಂಗಳೂರಿಂದ 300 ಕಿಲೋಮೀಟರ್ ದಾಟಿ ಬಂದ ಬಾಟಲಿ ಈಗ ಹೇಗಿದೆ ಎಂದು ಹೇಳಬೇಕಾದವರು ನಾವು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದಿತ್ತು. ಯಾವ ಬ್ಯಾಚ್, ಯಾರಿಗೆ ಹೋಯಿತು, ಎಷ್ಟು ಉಳಿದಿದೆ ಎಂಬ ಪ್ರಶ್ನೆಗಳ ಬೆಲೆ ಏನೆಂದು ಈ ಜಿಲ್ಲೆಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ಗ್ರೂಪಿಂಗ್ ಸೀರಂ ರೋಗಿಯ ಮೈಗೆ ಹೋಗುವುದಿಲ್ಲ, ನಿಜ. ಆದರೆ ಅದು ಹೇಳಿದ ಮಾತನ್ನು ನಂಬಿಯೇ ರಕ್ತ ಮೈಗೆ ಹೋಗುತ್ತದೆ.

ಕಾರಣ ಮೊದಲು, ಕೊಟೇಶನ್ ಆಮೇಲೆ

ಯಾಕೆ ಬದಲಿಸುತ್ತಿದ್ದೀರಿ ಎಂದು ಎರಡು ಸಾಲು ಬರೆದಿಡಿ. ಸರಬರಾಜು ಪದೇ ಪದೇ ನಿಲ್ಲುತ್ತಿದೆಯಾ? ಗುಣಮಟ್ಟ ಇಳಿದಿದೆಯಾ? ಟೆಂಡರ್ ಮುಗಿದಿದೆಯಾ? ಬರೀ ರೇಟಿಗಾಗಿಯಾ? ಕಾರಣದ ಮೇಲೆ ಮುಂದಿನ ಹೆಜ್ಜೆ ನಿಂತಿದೆ. ಗುಣಮಟ್ಟ ಇಳಿದಿದೆ ಅನಿಸಿದರೆ ಮೊದಲು ನಿಮ್ಮ ಫ್ರಿಜ್‌ನ ತಾಪಮಾನದ ಚಾರ್ಟ್ ನೋಡಿ. ತೊಂದರೆ ಫ್ರಿಜ್‌ನದಾದರೆ ಹೊಸ ಕಂಪನಿಯ ಸೀರಂ ಕೂಡ ಎರಡೇ ತಿಂಗಳಲ್ಲಿ ಹಾಗೆಯೇ ಆಗುತ್ತದೆ.

ಬರೀ ರೇಟಿಗಾಗಿ ಎಂದಾದರೆ ಬೇಡ ಎನ್ನುವುದಿಲ್ಲ. ಆದರೆ ಲೆಕ್ಕ ಸರಿಯಾಗಿ ಹಾಕಿ. 10 ಮಿ.ಲೀ. ಬಾಟಲಿಯ ಡ್ರಾಪರ್ 50 ಮೈಕ್ರೋಲೀಟರ್ ಹನಿ ಕೊಟ್ಟರೆ 200 ಹನಿ ಸಿಗುತ್ತದೆ. 40 ಮೈಕ್ರೋಲೀಟರ್ ಹನಿ ಕೊಟ್ಟರೆ 250. ಎರಡೂ ಬಾಟಲಿಯ ರೇಟು ಒಂದೇ ಇದ್ದರೂ ಒಂದು ಟೆಸ್ಟಿನ ಖರ್ಚು ಒಂದೇ ಅಲ್ಲ. ಸ್ಯಾಂಪಲ್ ಬಾಟಲಿ ತರಿಸಿ, ಅಳತೆಯ ಟ್ಯೂಬಿಗೆ ಹನಿ ಎಣಿಸುತ್ತಾ 1 ಮಿ.ಲೀ. ತುಂಬಿಸಿ ನೋಡಿ. ಹನಿಯ ಗಾತ್ರ ದುಡ್ಡಿನ ಮಾತಷ್ಟೇ ಅಲ್ಲ. ಹನಿ ಸಣ್ಣದಾದರೆ ಸೀರಂ ಮತ್ತು ಸೆಲ್‌ಗಳ ಪ್ರಮಾಣ ಬದಲಾಗಿ ರಿಯಾಕ್ಷನ್ ಕೂಡ ಬದಲಾಗಬಹುದು. ಅದಕ್ಕೇ ಈ ಅಂಕಿ ಎಸ್‌ಒಪಿಯಲ್ಲೂ (ಲ್ಯಾಬ್‌ನ ಲಿಖಿತ ಕಾರ್ಯವಿಧಾನ) ಇರಲಿ.

ಏನೇನು ಬದಲಾಗುತ್ತಿದೆ?

"ಆಂಟಿಸೆರಾ" ಎಂದು ಒಂದೇ ಮಾತಲ್ಲಿ ಇಂಡೆಂಟ್ ಹಾಕುವ ಅಭ್ಯಾಸ ಬಿಡಬೇಕು. ಬಿಡಿಬಿಡಿಯಾಗಿ ಬರೆಯಿರಿ: ಆಂಟಿ-ಎ, ಆಂಟಿ-ಬಿ, ಆಂಟಿ-ಎಬಿ, ಆಂಟಿ-ಡಿ ಐಜಿಎಂ, ಆಂಟಿ-ಡಿ ಬ್ಲೆಂಡ್ (ಐಜಿಎಂ, ಐಜಿಜಿ ಎಂಬ ಎರಡು ಬಗೆಯ ಆ್ಯಂಟಿಬಾಡಿ ಬೆರೆತದ್ದು), ಆಂಟಿ-ಎ1 ಲೆಕ್ಟಿನ್, ಆಂಟಿ-ಎಚ್ ಲೆಕ್ಟಿನ್, ಕೂಂಬ್ಸ್ ಸೀರಂ (ಸೆಲ್‌ಗೆ ಅಂಟಿದ ಆ್ಯಂಟಿಬಾಡಿಯನ್ನು ತೋರಿಸುವ ಸೀರಂ), ಬೋವೈನ್ ಆಲ್ಬುಮಿನ್ ಅಥವಾ ಲಿಸ್ (ರಿಯಾಕ್ಷನ್‌ಗೆ ನೆರವಾಗುವ ದ್ರಾವಣಗಳು), ಜೆಲ್ ಕಾರ್ಡ್ (ಟ್ಯೂಬ್ ಬದಲು ಟೆಸ್ಟ್ ಮಾಡುವ, ಜೆಲ್ ತುಂಬಿದ ಕಾರ್ಡ್), ಆ್ಯಂಟಿಬಾಡಿ ಸ್ಕ್ರೀನಿಂಗ್ ಸೆಲ್ (ರಕ್ತದಲ್ಲಿ ಆ್ಯಂಟಿಬಾಡಿ ಇದೆಯಾ ಎಂದು ನೋಡುವ ಸೆಲ್). ಪ್ರತಿಯೊಂದರ ಮುಂದೆ ತಿಂಗಳಿಗೆ ಎಷ್ಟು ಬೇಕು, ಕೈಯಲ್ಲಿ ಎಷ್ಟಿದೆ, ಯಾವಾಗ ಎಕ್ಸ್‌ಪೈರಿ ಎಂದು ತುಂಬಿ. ಹಳೆಯ ಸ್ಟಾಕ್ ಎಲ್ಲವೂ ಒಂದೇ ದಿನ ಖಾಲಿಯಾಗುವುದಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ದಿನ ಬದಲಿಸುವ ಅಗತ್ಯವೂ ಇಲ್ಲ. ಒಂದೊಂದೇ ಗುಂಪು ಬದಲಿಸಿದರೆ, ಏನಾದರೂ ಎಡವಟ್ಟಾದಾಗ ಯಾವುದರಿಂದ ಆಯಿತು ಎಂದು ಗೊತ್ತಾಗುತ್ತದೆ.

ಸ್ಕ್ರೀನಿಂಗ್ ಸೆಲ್‌ಗಳ ಆಯಸ್ಸು ಕೆಲವೇ ವಾರ. ದೂರದಿಂದ ಬರುವ ಹೊತ್ತಿಗೆ ಅರ್ಧ ಆಯಸ್ಸು ದಾರಿಯಲ್ಲೇ ಕಳೆದಿರುತ್ತದೆ. ಸಪ್ಲೈಯರ್ ಇದನ್ನು ಪ್ರತಿ ತಿಂಗಳು ತಪ್ಪದೆ ತಲುಪಿಸುತ್ತಾನಾ ಎಂದು ಮೊದಲೇ ಕೇಳಿ. ಬೇರೆ ಎಲ್ಲ ಸರಿ ಇದ್ದು ಇದೊಂದು ಆಗದಿದ್ದರೆ, ಇದೊಂದನ್ನು ಹಳೆಯವರ ಹತ್ತಿರವೇ ಉಳಿಸಿಕೊಳ್ಳಿ.

ಲೆಕ್ಟಿನ್ ಬಗ್ಗೆ ಒಂದು ಮಾತು. ಆಂಟಿ-ಎ1 ಲೆಕ್ಟಿನ್ ಬರುವುದು ಡೋಲಿಕಸ್ ಬೈಫ್ಲೋರಸ್ ಬೀಜದಿಂದ. ಅಂದರೆ ನಮ್ಮ ಹೊಲದ ಹುರುಳಿ! ಬೀಜವನ್ನು ಸಲೈನ್‌ನಲ್ಲಿ ಅರೆದು ತೆಗೆದ ರಸವನ್ನು ಸರಿಯಾಗಿ ತೆಳು ಮಾಡಿದರೆ ಎ1 ಸೆಲ್ ಮಾತ್ರ ಗಂಟು ಕಟ್ಟುತ್ತದೆ, ಎ2 ಕಟ್ಟುವುದಿಲ್ಲ (ಎ1, ಎ2 ಎಂದರೆ ಎ ಗ್ರೂಪಿನ ಎರಡು ಒಳಬಗೆ). ಗಟ್ಟಿ ಇದ್ದರೆ ಎ2 ಕೂಡ ಕಟ್ಟುತ್ತದೆ. ಬಾಟಲಿಯ ಲೆಕ್ಟಿನ್‌ಗೂ ಇದೇ ನಿಯಮ. ಹೊಸ ಕಂಪನಿಯ ಲೆಕ್ಟಿನ್ ಬಂದಾಗ ಎ2 ಸೆಲ್ ಹಾಕಿ ನೋಡದೆ ಒಪ್ಪಿಕೊಳ್ಳಬೇಡಿ.

ಆಂಟಿ-ಎಚ್ ಕೂಡ ಪಟ್ಟಿಯಿಂದ ಬಿಡುವಂತಿಲ್ಲ. 1952ರಲ್ಲಿ ಮುಂಬೈನಲ್ಲಿ ಡಾ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ಗ್ರೂಪ್ (ಓ ಸೆಲ್ ಮೇಲೂ ಇರುವ ಎಚ್ ಎಂಬ ಗುರುತು ಇಲ್ಲದ ಅಪರೂಪದ ಗ್ರೂಪ್) ಕರ್ನಾಟಕದಲ್ಲೂ ಸಿಗುತ್ತದೆ. ಫಾರ್ವರ್ಡ್ ಗ್ರೂಪಿಂಗ್‌ನಲ್ಲಿ (ವ್ಯಕ್ತಿಯ ಸೆಲ್‌ಗೆ ಬಾಟಲಿಯ ಸೀರಂ ಹಾಕಿ ನೋಡುವುದು) ಅದು ಓ ಗ್ರೂಪಿನ ಹಾಗೆಯೇ ಕಾಣುತ್ತದೆ. ರಿವರ್ಸ್‌ನಲ್ಲಿ (ವ್ಯಕ್ತಿಯ ಸೀರಂಗೆ ಗ್ರೂಪ್ ಗೊತ್ತಿರುವ ಸೆಲ್ ಹಾಕಿ ನೋಡುವುದು) ಓ ಸೆಲ್ ಹಾಕಿದಾಗ ಮಾತ್ರ ಗುಟ್ಟು ಬಯಲಾಗುತ್ತದೆ. ಅದನ್ನು ಗಟ್ಟಿ ಮಾಡಿಕೊಳ್ಳಲು ಆಂಟಿ-ಎಚ್ ಬೇಕು. ವರ್ಷಕ್ಕೆ ಒಂದೆರಡು ಸಲ ಮಾತ್ರ ಬೇಕಾಗುತ್ತದೆ ಎಂದು ಸ್ಟೋರ್‌ನವರು ಪಟ್ಟಿಯಿಂದ ಹೊಡೆದುಹಾಕಲು ನೋಡುತ್ತಾರೆ. ಬಿಡಬೇಡಿ.

ಕಾಗದದಲ್ಲಿ ನೋಡಬೇಕಾದ್ದು

ಮೊದಲು ಲೈಸೆನ್ಸ್. 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಪ್ರಕಾರ ಗ್ರೂಪಿಂಗ್ ರೀಏಜೆಂಟ್‌ಗಳು ಹೆಚ್ಚು ಅಪಾಯದ ವರ್ಗಕ್ಕೆ ಸೇರುತ್ತವೆ, ಅನುಮತಿ ಕೊಡುವುದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ. ದೇಶದಲ್ಲೇ ತಯಾರಾದದ್ದಕ್ಕೆ ಎಂಡಿ-9, ಹೊರಗಿಂದ ತಂದದ್ದಕ್ಕೆ ಎಂಡಿ-15. ಡಿಸ್ಟ್ರಿಬ್ಯೂಟರ್ ಹತ್ತಿರ ಮಾರಾಟದ ಅನುಮತಿಯೂ, ಕಂಪನಿ ಕೊಟ್ಟ ಅಧಿಕಾರ ಪತ್ರವೂ ಇರಬೇಕು. ಲೈಸೆನ್ಸ್‌ನಲ್ಲಿ ನೀವು ಕೊಳ್ಳುವ ಉತ್ಪನ್ನದ ಹೆಸರೇ ಇದೆಯಾ ಎಂದು ಬೆರಳಿಟ್ಟು ನೋಡಿ.

ಆಮೇಲೆ ಬಾಟಲಿ ಜೊತೆ ಬರುವ ಇನ್ಸರ್ಟ್, ಅಂದರೆ ಬಳಕೆಯ ವಿವರದ ಚೀಟಿ. ಬಹಳಷ್ಟು ಲ್ಯಾಬ್‌ಗಳಲ್ಲಿ ಇದು ಡಬ್ಬಿಯಲ್ಲೇ ಮಡಚಿಕೊಂಡಿರುತ್ತದೆ. ಬಿಡಿಸಿ ಓದಿ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಓದಿ. ಸ್ಲೈಡ್, ಟ್ಯೂಬ್ ಎರಡಕ್ಕೂ ಬರುತ್ತದಾ, ಸೆಲ್ ಸಸ್ಪೆನ್ಷನ್ ಎಷ್ಟು ಪರ್ಸೆಂಟ್, ಇನ್‌ಕ್ಯುಬೇಷನ್ ಎಷ್ಟು ನಿಮಿಷ, ಸ್ಪಿನ್ ಎಷ್ಟು, ತೆರೆದ ಮೇಲೆ ಎಷ್ಟು ದಿನ ಬಾಳುತ್ತದೆ? ಇವುಗಳಲ್ಲಿ ಯಾವುದು ಬೇರೆಯಾಗಿದೆಯೋ ಅದಕ್ಕೆ ಗೆರೆ ಎಳೆಯಿರಿ. ಎಸ್‌ಒಪಿಯಲ್ಲಿ ತಿದ್ದಬೇಕಾದ ಸಾಲುಗಳು ಇವೇ.

ಎಲ್ಲಕ್ಕಿಂತ ಮುಖ್ಯ, ಕ್ಲೋನ್ ಹೆಸರು. ಇದನ್ನು ನೋಡುವವರು ಕಡಿಮೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಗಿನ ಸೀರಂಗಳು ಮೋನೋಕ್ಲೋನಲ್, ಅಂದರೆ ಕ್ಲೋನ್ ಎಂಬ ಒಂದೇ ಮೂಲದ ಕೋಶಗಳಿಂದ ಲ್ಯಾಬ್‌ನಲ್ಲಿ ತಯಾರಾದವು. ಒಂದೊಂದು ಕ್ಲೋನ್ ಆ್ಯಂಟಿಜನ್‌ನ (ಸೆಲ್ ಮೇಲಿನ ಗ್ರೂಪಿನ ಗುರುತು) ಒಂದೊಂದು ಭಾಗವನ್ನು ಗುರುತು ಹಿಡಿಯುತ್ತದೆ. ಕಂಪನಿ ಬದಲಾದರೂ ಕ್ಲೋನ್ ಅದೇ ಇರಬಹುದು. ಕಂಪನಿ ಅದೇ ಇದ್ದರೂ ಕ್ಲೋನ್ ಬದಲಾಗಿರಬಹುದು. ಇಎಸ್-4 ಎಂಬ ಆಂಟಿ-ಬಿ ಕ್ಲೋನ್ ಬಂದಾಗ, ಅಕ್ವೈರ್ಡ್ ಬಿ (ಎ ಸೆಲ್‌ಗೆ ತಾತ್ಕಾಲಿಕವಾಗಿ ಬಿಯಂಥ ಗುಣ ಬರುವುದು) ಇದ್ದ ಎ ಗ್ರೂಪಿನ ರೋಗಿಗಳು ಎಬಿ ಎಂದು ಕಾಣತೊಡಗಿದರು. ದ್ರಾವಣದ ಪಿಎಚ್ ತಗ್ಗಿಸಿ ಅದನ್ನು ಸರಿಪಡಿಸಬೇಕಾಯಿತು. ಸೀರಂ ಕೆಟ್ಟಿರಲಿಲ್ಲ, ಅದರ ಸ್ವಭಾವವೇ ಹಾಗಿತ್ತು.

ಆಂಟಿ-ಡಿ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಡಿ ಆ್ಯಂಟಿಜನ್ ಕೆಲವರಲ್ಲಿ ದುರ್ಬಲ, ಕೆಲವರಲ್ಲಿ ಅರ್ಧಂಬರ್ಧ. ಡಿವಿಐ ಎಂಬ ಅರ್ಧ ಡಿ ಇರುವವರನ್ನು ಹೆಚ್ಚಿನ ಐಜಿಎಂ ಕ್ಲೋನ್‌ಗಳು ನೇರ ಟೆಸ್ಟಿನಲ್ಲಿ ಹಿಡಿಯುವುದಿಲ್ಲ. ರೋಗಿಗೆ ಅದೇ ಒಳ್ಳೆಯದು, ಏಕೆಂದರೆ ಅವರನ್ನು ನೆಗೆಟಿವ್ ಎಂದೇ ನೋಡಿ ನೆಗೆಟಿವ್ ರಕ್ತ ಕೊಡುವುದು ಸುರಕ್ಷಿತ. ಆದರೆ ಅದೇ ವ್ಯಕ್ತಿ ಡೋನರ್ ಆಗಿ ಬಂದರೆ ಹಿಡಿಯಲೇಬೇಕು. ಅದಕ್ಕೆ ಐಜಿಜಿ ಸೇರಿದ ಬ್ಲೆಂಡ್ ಬಳಸಿ ಕೂಂಬ್ಸ್ ಹಂತದವರೆಗೆ ಟೆಸ್ಟ್ ಮಾಡುತ್ತೇವೆ. ಹೊಸ ಸಪ್ಲೈಯರ್ ಕೊಡುವ ಎರಡು ಆಂಟಿ-ಡಿಗಳಲ್ಲಿ ಯಾವುದು ಡಿವಿಐ ಹಿಡಿಯುತ್ತದೆ, ಯಾವ ಹಂತದಲ್ಲಿ ಹಿಡಿಯುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ಎರಡು ಬೇರೆ ಬೇರೆ ಬ್ರ್ಯಾಂಡಿನ ಆಂಟಿ-ಡಿ ಇಟ್ಟುಕೊಂಡು ಧೈರ್ಯವಾಗಿರುವ ಲ್ಯಾಬ್‌ಗಳಿವೆ. ಒಳಗಿನ ಕ್ಲೋನ್ ಎರಡರಲ್ಲೂ ಒಂದೇ ಆಗಿದ್ದರೆ ಅದು ಎರಡನೇ ಸಾಕ್ಷಿ ಅಲ್ಲವೇ ಅಲ್ಲ.

ಜೆಲ್ ಕಾರ್ಡ್ ಬದಲಿಸುವವರು ಇನ್ನೊಂದು ನೋಡಬೇಕು. ಒಂದು ಕಂಪನಿಯ ಕಾರ್ಡ್ ಇನ್ನೊಂದರ ಸೆಂಟ್ರಿಫ್ಯೂಜ್‌ನಲ್ಲಿ ಕೂತರೂ ವೇಗ, ಸಮಯ ಎರಡೂ ಬೇರೆ. ಕೂತಿತು ಎಂದು ಓಡಿಸಬೇಡಿ. ಕಾರ್ಡ್ ಬದಲಾದರೆ ಮೆಷಿನ್ ಕೂಡ ಬದಲಾಗುತ್ತದೆ ಎಂದೇ ಲೆಕ್ಕ ಹಾಕಿ. ಹಳೆಯ ಮೆಷಿನ್ ರೀಏಜೆಂಟ್ ಕೊಳ್ಳುವ ಕರಾರಿನ ಮೇಲೆ ಬಂದಿದ್ದರೆ, ಆ ಕರಾರು ಮುಗಿಯುವ ತಾರೀಕು ಮೊದಲು ನೋಡಿ.

ಆರ್ಡರ್‌ನಲ್ಲಿ ಬರೆಸಬೇಕಾದ ಮಾತುಗಳು

ಸರ್ಕಾರಿ ಆಸ್ಪತ್ರೆಯಾದರೆ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ದಾರಿ. ಅಲ್ಲಿ ಬ್ರ್ಯಾಂಡ್ ಹೆಸರು ಬರೆಯುವಂತಿಲ್ಲ, ಸ್ಪೆಸಿಫಿಕೇಷನ್ ಬರೆಯಬಹುದು. ಅದನ್ನು ಬರೆಯುವ ಕೆಲಸ ಸ್ಟೋರ್‌ಗೆ ಬಿಡಬೇಡಿ, ರಕ್ತಕೇಂದ್ರದ ಡಾಕ್ಟರ್ ಬರೆಯಲಿ. "ಉತ್ತಮ ಗುಣಮಟ್ಟದ ಆಂಟಿ-ಡಿ" ಎಂದರೆ ಯಾರು ಬೇಕಾದರೂ ಉತ್ತಮ. "ಐಜಿಎಂ ಮತ್ತು ಐಜಿಜಿ ಬ್ಲೆಂಡ್, ಕೂಂಬ್ಸ್ ಹಂತದಲ್ಲಿ ಡಿವಿಐ ಹಿಡಿಯಬೇಕು, ಕ್ಲೋನ್ ಹೆಸರು ಇನ್ಸರ್ಟ್‌ನಲ್ಲಿರಬೇಕು, ಲಾಟ್‌ವಾರು (ಬ್ಯಾಚ್‌ವಾರು) ಸರ್ಟಿಫಿಕೇಟ್ ಕೊಡಬೇಕು" ಎಂದರೆ ಸುಮ್ನೆ ರೇಟು ಕೊಡುವವರು ಹಿಂದೆ ಸರಿಯುತ್ತಾರೆ.

ಖಾಸಗಿ ಆಸ್ಪತ್ರೆಗೂ ಈ ನಾಲ್ಕು ಷರತ್ತು ಬೇಕು. ತಲುಪಿದ ದಿನ ಆಯಸ್ಸಿನ ಮುಕ್ಕಾಲು ಭಾಗ ಉಳಿದಿರಬೇಕು. ವರ್ಷದ ಮಾಲು ಒಂದೇ ಸಲ ತಂದು ಸುರಿಯದೆ ಕಂತಿನಲ್ಲಿ ಕೊಡಬೇಕು, ಆದಷ್ಟು ಒಂದೇ ಲಾಟ್‌ನಿಂದ. ನಮ್ಮ ಲ್ಯಾಬ್‌ನ ಪರೀಕ್ಷೆಯಲ್ಲಿ ಫೇಲಾದ ಲಾಟ್ ವಾಪಸ್ ತೆಗೆದುಕೊಂಡು ಬೇರೆ ಲಾಟ್ ಕೊಡಬೇಕು. ಕ್ಲೋನ್ ಅಥವಾ ಇನ್ಸರ್ಟ್ ಬದಲಾದರೆ ಮಾಲು ಕಳಿಸುವ ಮೊದಲೇ ತಿಳಿಸಬೇಕು. ಕೊನೆಯದನ್ನು ಯಾರೂ ತಾವಾಗಿ ಬರೆಯುವುದಿಲ್ಲ. ನೀವೇ ಕೇಳಿ ಬರೆಸಿ.

ಪಾರ್ಸೆಲ್ ಬಂದ ದಿನ

ಸೀರಂ 2ರಿಂದ 8 ಡಿಗ್ರಿಯಲ್ಲಿರಬೇಕು. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರು 40 ಡಿಗ್ರಿ ದಾಟುತ್ತವೆ. ಬಸ್ ಸ್ಟ್ಯಾಂಡಿನ ಪಾರ್ಸೆಲ್ ಕೋಣೆಯಲ್ಲಿ ಶನಿವಾರ ಸಂಜೆ ಬಂದ ಡಬ್ಬಿ ಸೋಮವಾರದವರೆಗೆ ಕೂತರೆ ಐಸ್ ಪ್ಯಾಕ್ ಏನು ಮಾಡೀತು? ಆದ್ದರಿಂದ ಸಾಗಣೆ ವಾರದ ಮೊದಲ ದಿನಗಳಲ್ಲಿರಲಿ, ರಾತ್ರಿ ಹೊರಟು ಬೆಳಿಗ್ಗೆ ತಲುಪಲಿ. ಬಸ್ ನಂಬರ್ ಬರುವಾಗಲೇ ಯಾರು ಹೋಗಿ ತರುತ್ತಾರೆ ಎಂದು ಹೆಸರು ಗೊತ್ತುಮಾಡಿ. ದೊಡ್ಡ ಆರ್ಡರ್ ಆದರೆ ಡಬ್ಬಿಯೊಳಗೆ ತಾಪಮಾನದ ಲಾಗರ್ ಇಡಲು ಹೇಳಿ.

ಬಿಸಿಯಷ್ಟೇ ಕೆಟ್ಟದ್ದು ಹೆಪ್ಪುಗಟ್ಟುವುದು. ಬೇಸಿಗೆ ಎಂದು ಡ್ರೈ ಐಸ್‌ನಷ್ಟು ತಣ್ಣಗಿನ ಪ್ಯಾಕ್ ಬಾಟಲಿಗೆ ಅಂಟಿಸಿ ಕಳಿಸುತ್ತಾರೆ. ಕರಗಿದ ಮೇಲೆ ನೋಡಲು ಚೆನ್ನಾಗಿಯೇ ಇರುತ್ತದೆ, ಶಕ್ತಿ ಮಾತ್ರ ಇಳಿದಿರುತ್ತದೆ. ಡಬ್ಬಿ ತೆರೆದ ಕೂಡಲೇ ತಾಪಮಾನ ಅಳೆದು, ಸಮಯ ಬರೆದು, ಫೋಟೋ ತೆಗೆಯಿರಿ. ಬಾಟಲಿ ಬೆಳಕಿಗೆ ಹಿಡಿದು ನೋಡಿ. ಮಸುಕು, ನೂಲಿನಂಥ ಗಸಿ, ಸೋರಿಕೆ ಇದ್ದರೆ ಅಲ್ಲಿಗೇ ನಿಲ್ಲಿಸಿ. ಪಾಸಾಗುವವರೆಗೆ ಹೊಸ ಬಾಟಲಿಗಳು ಫ್ರಿಜ್‌ನ ಬೇರೆ ತಟ್ಟೆಯಲ್ಲಿ, "ಬಳಸಬೇಡಿ" ಎಂಬ ಕೆಂಪು ಚೀಟಿ ಅಂಟಿಸಿಕೊಂಡು ಇರಲಿ.

ಜೆಲ್ ಕಾರ್ಡ್ ಕಥೆ ಬೇರೆ. ಕೆಲವು ಕಂಪನಿಯ ಕಾರ್ಡ್ 18ರಿಂದ 25 ಡಿಗ್ರಿಯಲ್ಲಿಡಬೇಕು. ಡಬ್ಬಿ ಮೇಲೆ ರೂಮ್ ಟೆಂಪರೇಚರ್ ಎಂದಿರುತ್ತದೆ. ನಮ್ಮ ಮೇ ತಿಂಗಳ ರೂಮು ಆ ರೂಮಲ್ಲ. ರಾತ್ರಿಯೂ ಎಸಿ ಓಡುವ ಕೋಣೆ ಇಲ್ಲದಿದ್ದರೆ 2ರಿಂದ 25 ಡಿಗ್ರಿವರೆಗೆ ತಾಳುವ ಕಾರ್ಡ್ ಕೊಡುವವರನ್ನೇ ಹುಡುಕಿ. ಜೆಲ್ ಒಣಗಿದ್ದರೆ, ಗುಳ್ಳೆ ಇದ್ದರೆ, ಮೇಲಿನ ದ್ರವ ಇಳಿದಿದ್ದರೆ ಆ ಕಾರ್ಡ್ ಬಳಸುವಂತಿಲ್ಲ.

ಬಾಟಲಿಯ ಪರೀಕ್ಷೆ

ಮೂರು ವಿಷಯ ನೋಡುತ್ತೇವೆ. ಬೇಕಾದ ಸೆಲ್ ಜೊತೆ ಮಾತ್ರ ಗಂಟು ಕಟ್ಟುತ್ತದಾ, ಎಷ್ಟು ಬೇಗ ಕಟ್ಟುತ್ತದೆ, ಎಷ್ಟು ತೆಳು ಮಾಡಿದರೂ ಕಟ್ಟುತ್ತದೆ. ಲ್ಯಾಬ್ ಮಾತಲ್ಲಿ ಸ್ಪೆಸಿಫಿಸಿಟಿ, ಅವಿಡಿಟಿ, ಟೈಟರ್.

ಮೊದಲನೆಯದಕ್ಕೆ ಎ1, ಎ2, ಬಿ, ಎ1ಬಿ, ಓ ಸೆಲ್ ಬೇಕು. ಆಂಟಿ-ಡಿಗೆ ಡಿ ಪಾಸಿಟಿವ್, ಡಿ ನೆಗೆಟಿವ್ ಜೊತೆ ಒಂದಾದರೂ ದುರ್ಬಲ ಡಿ. ಇಷ್ಟೆಲ್ಲ ಒಂದೇ ದಿನ ಒಂದು ಸಣ್ಣ ಕೇಂದ್ರದಲ್ಲಿ ಸಿಗುವುದು ಕಷ್ಟ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಮೆಡಿಕಲ್ ಕಾಲೇಜುಗಳ ರಕ್ತಕೇಂದ್ರಗಳ ಜೊತೆ ಮಾತಾಡಿಟ್ಟುಕೊಂಡರೆ ಎ2 ಅಥವಾ ದುರ್ಬಲ ಡಿ ಸಿಕ್ಕ ದಿನ ಎರಡು ಮಿ.ಲೀ. ಸ್ಯಾಂಪಲ್ ಹಂಚಿಕೊಳ್ಳಬಹುದು. ನಾವು ನಾವೇ ಸಹಾಯ ಮಾಡಿಕೊಳ್ಳದಿದ್ದರೆ ಈ ಸೆಲ್‌ಗಳನ್ನು ಬೇರೆ ಯಾರೂ ತಂದುಕೊಡುವುದಿಲ್ಲ.

ಅವಿಡಿಟಿಗೆ ಸ್ಲೈಡ್, ಸ್ಟಾಪ್‌ವಾಚ್ ಸಾಕು. ಕೇಂದ್ರ ಆರೋಗ್ಯ ಇಲಾಖೆಯ ಟ್ರಾನ್ಸ್‌ಫ್ಯೂಷನ್ ಕೈಪಿಡಿಯ ಅಳತೆಯಲ್ಲಿ ಮೋನೋಕ್ಲೋನಲ್ ಆಂಟಿ-ಎ, ಎ1 ಸೆಲ್ ಜೊತೆ 3-4 ಸೆಕೆಂಡಿನಲ್ಲಿ ಕಟ್ಟಬೇಕು, ಟೈಟರ್ 1:256 ಇರಬೇಕು. ಆಂಟಿ-ಬಿಗೂ ಬಿ ಸೆಲ್ ಜೊತೆ ಅಷ್ಟೇ. ಎ2, ಎ2ಬಿ ಸೆಲ್‌ಗಳ ಜೊತೆ ಅಳತೆ ಸ್ವಲ್ಪ ಸಡಿಲ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಸ್ಲೈಡ್ ಬೇಗ ಒಣಗುತ್ತದೆ. ಅಂಚಿನಲ್ಲಿ ಒಣಗಿದ್ದು ಗಂಟಿನ ಹಾಗೇ ಕಾಣುತ್ತದೆ. ಫ್ಯಾನ್ ಆಫ್ ಮಾಡಿ, ಇನ್ಸರ್ಟ್ ಹೇಳಿದ ಹೊತ್ತಿಗೆ ಓದಿ.

ಟೈಟರ್ ಮಾಡುವಾಗ ಸಲೈನ್‌ನಲ್ಲಿ 1:2, 1:4, 1:8 ಎನ್ನುತ್ತಾ 1:1024ರವರೆಗೆ ತೆಳು ಮಾಡಿ. ಪ್ರತಿ ಟ್ಯೂಬಿಗೂ ಪಿಪೆಟ್ ತುದಿ ಬದಲಿಸಿ, ಇಲ್ಲದಿದ್ದರೆ ಮೇಲಿನ ಟ್ಯೂಬಿನ ಸೀರಂ ಕೆಳಕ್ಕೆ ಇಳಿದು ಟೈಟರ್ ಸುಳ್ಳುಸುಳ್ಳೇ ಜಾಸ್ತಿ ಕಾಣುತ್ತದೆ. ಹಳೆಯ ಸೀರಂ, ಹೊಸ ಸೀರಂ ಎರಡನ್ನೂ ಒಂದೇ ದಿನ, ಅದೇ ಸೆಲ್, ಅದೇ ಕೈ. ಒಂದು ಟ್ಯೂಬಿನ ವ್ಯತ್ಯಾಸಕ್ಕೆ ಅರ್ಥವಿಲ್ಲ. ಎರಡು ಟ್ಯೂಬ್ ಇಳಿದರೆ ಯೋಚಿಸಬೇಕು.

ಕೂಂಬ್ಸ್ ಸೀರಂ ಪರೀಕ್ಷೆಯಲ್ಲಿ ಒಂದು ಬಲೆ ಇದೆ. ಅದನ್ನು ನೋಡುವುದು ಚೆಕ್ ಸೆಲ್ ಹಾಕಿ. ಚೆಕ್ ಸೆಲ್ ಅನ್ನು ನಾವೇ ಓ ಪಾಸಿಟಿವ್ ಸೆಲ್‌ಗೆ ಐಜಿಜಿ ಆಂಟಿ-ಡಿ ಹಚ್ಚಿ ಮಾಡಿಕೊಳ್ಳುತ್ತೇವೆ. ಆ ಆಂಟಿ-ಡಿಯೂ ಹೊಸ ಕಂಪನಿಯದೇ ಆಗಿದ್ದರೆ? ಎರಡೂ ಒಟ್ಟಿಗೆ ಬದಲಾಗಿ, ಯಾವುದು ಯಾವುದನ್ನು ಪರೀಕ್ಷಿಸುತ್ತಿದೆ ಎಂದೇ ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲು ಹಳೆಯ ಆಂಟಿ-ಡಿಯಿಂದ ಮಾಡಿದ ಚೆಕ್ ಸೆಲ್ ಮೇಲೆ ಹೊಸ ಕೂಂಬ್ಸ್ ನೋಡಿ. ಅದು ಪಾಸಾದ ಮೇಲೆ ಹೊಸ ಆಂಟಿ-ಡಿಯಿಂದ ಚೆಕ್ ಸೆಲ್ ಮಾಡಿ, 2+ ಬರುವಂತೆ ತೆಳು ಎಷ್ಟಿರಬೇಕು ಎಂದು ಮತ್ತೆ ಗೊತ್ತುಮಾಡಿ (ಗಂಟಿನ ಬಲವನ್ನು + ಗುರುತಿನಲ್ಲಿ ಅಳೆಯುತ್ತೇವೆ, 4+ ಅತಿ ಗಟ್ಟಿ). ಚೆಕ್ ಸೆಲ್ 4+ ಬಂದರೆ ಖುಷಿಪಡುವಂತಿಲ್ಲ. ಅಷ್ಟು ಗಟ್ಟಿ ಹಚ್ಚಿದರೆ ಅರ್ಧ ಸತ್ತ ಕೂಂಬ್ಸ್ ಕೂಡ ಪಾಸಾಗುತ್ತದೆ.

ಹಳೆಯದು, ಹೊಸದು ಜೊತೆಜೊತೆಗೆ

ಬಾಟಲಿ ಪಾಸಾದರೆ ಕೆಲಸ ಅರ್ಧ ಆಯಿತು. ಇನ್ನು ದಿನನಿತ್ಯದ ಸ್ಯಾಂಪಲ್‌ಗಳ ಮೇಲೆ ಎರಡನ್ನೂ ಒಟ್ಟಿಗೆ ಓಡಿಸಬೇಕು. ರಿಪೋರ್ಟ್ ಹೋಗುವುದು ಹಳೆಯದರ ಮೇಲೆ ಮಾತ್ರ. ಹೊಸದರದ್ದು ಬೇರೆ ಪುಸ್ತಕದಲ್ಲಿ. ಹಳೆಯದರ ಉತ್ತರ ನೋಡದೆಯೇ ಇನ್ನೊಬ್ಬರು ಹೊಸದನ್ನು ಓದಬೇಕು. ಉತ್ತರ ಗೊತ್ತಿದ್ದರೆ ಕಣ್ಣು ಅದನ್ನೇ ನೋಡುತ್ತದೆ.

ಎಷ್ಟು ಸ್ಯಾಂಪಲ್? ನನ್ನ ಅಭಿಪ್ರಾಯದಲ್ಲಿ ಮಧ್ಯಮ ಗಾತ್ರದ ಕೇಂದ್ರಕ್ಕೆ 100. ಆದರೆ ಎಣಿಕೆಗಿಂತ ಆಯ್ಕೆ ಮುಖ್ಯ. ನಮ್ಮ ದೇಶದಲ್ಲಿ ಡಿ ನೆಗೆಟಿವ್ ಇರುವವರು ನೂರಕ್ಕೆ ಸುಮಾರು ಐದು. ಬಂದ ಹಾಗೆ ನೂರು ತೆಗೆದುಕೊಂಡರೆ ನೆಗೆಟಿವ್ ಐದೇ ಸಿಕ್ಕಾವು. ಆದ್ದರಿಂದ ನೆಗೆಟಿವ್ ಸ್ಯಾಂಪಲ್‌ಗಳನ್ನು ಬೇಕೆಂದೇ ಕೂಡಿಸಿಡಿ. ಕಷ್ಟದ ಸ್ಯಾಂಪಲ್‌ಗಳನ್ನೂ ಸೇರಿಸಿ: ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಯ ರಕ್ತ (ಕಾರ್ಡ್ ಬ್ಲಡ್), ಡೈರೆಕ್ಟ್ ಕೂಂಬ್ಸ್ ಪಾಸಿಟಿವ್ ಇರುವವರು (ಮೈಯೊಳಗೇ ಸೆಲ್‌ಗೆ ಆ್ಯಂಟಿಬಾಡಿ ಅಂಟಿರುವವರು), ಪದೇ ಪದೇ ರಕ್ತ ಪಡೆದ ಥಲಸ್ಸೇಮಿಯಾ ಮಕ್ಕಳು, ಎಬಿ ಗ್ರೂಪಿನವರು. ಸುಲಭದ ಓ ಪಾಸಿಟಿವ್ ಸ್ಯಾಂಪಲ್ ಮೇಲೆ ಎಲ್ಲ ಸೀರಂಗಳೂ ಒಳ್ಳೆಯವೇ.

ರಾತ್ರಿ ಪಾಳಿಯಲ್ಲೂ ಒಂದಷ್ಟು ಮಾಡಿಸಿ. ಹಗಲು ನಾಲ್ಕು ಜನ ಇದ್ದಾಗ ಸರಿ ಹೋಗುವ ವಿಧಾನ, ರಾತ್ರಿ ಎರಡು ಗಂಟೆಗೆ ಒಬ್ಬರೇ ಇದ್ದು ಹೆರಿಗೆ ವಾರ್ಡ್‌ನಿಂದ ಫೋನ್ ಬರುತ್ತಿರುವಾಗಲೂ ಸರಿ ಹೋಗಬೇಕು.

ಉತ್ತರ ಬೇರೆ ಬಂದರೆ

ಬಂದೇ ಬರುತ್ತದೆ. ಗಾಬರಿ ಬೇಡ. ಹೊಸದೇ ತಪ್ಪು ಎಂದು ಮೊದಲೇ ತೀರ್ಮಾನಿಸುವುದೂ ಬೇಡ. ಕೆಲವೊಮ್ಮೆ ಹೊಸ ಸೀರಂ ಇಷ್ಟು ದಿನ ಕಾಣದ್ದನ್ನು ತೋರಿಸುತ್ತಿರುತ್ತದೆ.

ಸ್ಯಾಂಪಲ್ ನಂಬರ್ ಸರಿಯಿದೆಯಾ ನೋಡಿ. ಸೆಲ್ ತೊಳೆದು ಮತ್ತೆ ಮಾಡಿ. ಡಿ ಟೆಸ್ಟ್ ಆದರೆ ಕಂಟ್ರೋಲ್ ಟ್ಯೂಬ್ (ಆಂಟಿ-ಡಿ ಇಲ್ಲದ ದ್ರಾವಣದ್ದು) ಇಡಿ. ಕಂಟ್ರೋಲ್ ಕೂಡ ಕಟ್ಟಿದರೆ ಆ ಉತ್ತರಕ್ಕೆ ಬೆಲೆ ಇಲ್ಲ. ಎಬಿಒದಲ್ಲಿ ವ್ಯತ್ಯಾಸ ಬಂದರೆ ರಿವರ್ಸ್ ಗ್ರೂಪಿಂಗ್ ಏನು ಹೇಳುತ್ತದೆ ಎಂದು ಕೇಳಿ. ಅದು ಸಪ್ಲೈಯರ್ ಜೊತೆ ಸಂಬಂಧವಿಲ್ಲದ ಸಾಕ್ಷಿ, ನೀವೇ ಹಲವರ ಸೆಲ್ ಬೆರೆಸಿ ಮಾಡಿದ ಪೂಲ್ಡ್ ಸೆಲ್ ಇದ್ದರಂತೂ ಇನ್ನೂ ಗಟ್ಟಿ. ಡಿಯಲ್ಲಿ ವ್ಯತ್ಯಾಸ ಬಂದರೆ ಬೇರೆ ಕ್ಲೋನ್‌ನ ಮೂರನೇ ಆಂಟಿ-ಡಿ, ಆಮೇಲೆ ಕೂಂಬ್ಸ್ ಹಂತ. ಅದಕ್ಕೂ ಬಗೆಹರಿಯದಿದ್ದರೆ ದೊಡ್ಡ ರೆಫರೆನ್ಸ್ ಲ್ಯಾಬ್‌ಗೆ ಕಳಿಸಿ, ಅಲ್ಲಿಯವರೆಗೆ ಆ ಡೋನರ್ ಯೂನಿಟ್ ತಡೆಹಿಡಿಯಿರಿ, ರೋಗಿಯಾದರೆ ನೆಗೆಟಿವ್ ಎಂದೇ ನೋಡಿಕೊಳ್ಳಿ.

ಒಂದು ನಾಜೂಕಿನ ಸಂದರ್ಭ. ಹಿಂದಿನ ಕ್ಯಾಂಪ್‌ನಲ್ಲಿ ನೆಗೆಟಿವ್ ಎಂದು ಕಾರ್ಡ್ ಪಡೆದ ಡೋನರ್ ಈಗ ಹೊಸ ಬ್ಲೆಂಡ್‌ನಲ್ಲಿ ದುರ್ಬಲ ಪಾಸಿಟಿವ್ ಬಂದರೆ ಅವರನ್ನು ಕರೆದು ಕೂರಿಸಿ ಹೇಳಬೇಕು. "ನಿಮ್ಮ ರಕ್ತ ಕೊಡುವಾಗ ಪಾಸಿಟಿವ್ ಎಂದು ಲೇಬಲ್ ಆಗುತ್ತದೆ. ನಿಮಗೇ ರಕ್ತ ಬೇಕಾದರೆ ನೆಗೆಟಿವ್ ಕೊಡುತ್ತೇವೆ." ನಿಧಾನವಾಗಿ ಹೇಳಿದರೆ ಅರ್ಥಮಾಡಿಕೊಳ್ಳುತ್ತಾರೆ. ಹೇಳದೆ ಕಾರ್ಡ್ ಬದಲಿಸಿದರೆ ಮಾತ್ರ ನಂಬಿಕೆ ಹೋಗುತ್ತದೆ. ಅವರ ಹಿಂದಿನ ಯೂನಿಟ್ ಯಾರಿಗೆ ಹೋಗಿತ್ತು ಎಂದೂ ಹುಡುಕಬೇಕು, ಹೆಣ್ಣುಮಗಳಿಗೆ ಹೋಗಿದ್ದರಂತೂ ತಪ್ಪದೆ.

ಬದಲಾಯಿಸುವ ದಿನ

ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ ಒಳ್ಳೆಯದು. ಕ್ಯಾಂಪ್ ಇರುವ ವಾರ ಬೇಡ. ಆಗಸ್ಟ್ 15, ಅಕ್ಟೋಬರ್ 1ರ (ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ) ಆಸುಪಾಸು, ದಸರೆ ರಜೆ ಇವೂ ಬೇಡ. ಆ ಹೊತ್ತಿಗೆ ಹೊಸ ಎಸ್‌ಒಪಿಗೆ ಸಹಿ ಆಗಿರಬೇಕು. ಎಲ್ಲ ಟೆಕ್ನೀಷಿಯನ್‌ಗಳೂ, ಕಾಂಟ್ರ್ಯಾಕ್ಟ್ ಮೇಲಿರುವವರೂ ಸೇರಿ, ಹೊಸ ಸೀರಂನಲ್ಲಿ ಸ್ಯಾಂಪಲ್ ಮಾಡಿ ಸಹಿ ಹಾಕಿರಬೇಕು.

ಆಂಟಿ-ಎ ನೀಲಿ, ಆಂಟಿ-ಬಿ ಹಳದಿ, ಇದು ಎಲ್ಲ ಕಡೆ ಒಂದೇ. ಆದರೆ ಬಣ್ಣವಿಲ್ಲದ ಆಂಟಿ-ಡಿ, ಆಂಟಿ-ಎಬಿ ಬಾಟಲಿಗಳಲ್ಲಿ ಮುಚ್ಚಳದ ಬಣ್ಣವೇ ಗುರುತು. ಅದು ಕಂಪನಿಯಿಂದ ಕಂಪನಿಗೆ ಬೇರೆ. ವರ್ಷಗಟ್ಟಲೆ ಮುಚ್ಚಳ ನೋಡಿ ಕೈ ಹಾಕಿದವರು ಮೊದಲ ವಾರ ತಪ್ಪು ಬಾಟಲಿಗೆ ಕೈ ಹಾಕುತ್ತಾರೆ. ಬೆಂಚ್ ಮೇಲೆ ಹಳೆಯದು ಒಂದೂ ಇರದಂತೆ ತೆಗೆದು ಬೇರೆ ತಟ್ಟೆಗೆ ಬೀಗ ಹಾಕಿ. ಹಳೆಯ ಬಾಟಲಿಯಲ್ಲಿ ಉಳಿದದ್ದನ್ನು ಹೊಸದಕ್ಕೆ ಸುರಿಯುವುದು, ಡ್ರಾಪರ್ ಅದಲುಬದಲು ಮಾಡುವುದು ಯಾವ ಕಾರಣಕ್ಕೂ ಬೇಡ.

ಎಚ್‌ಐವಿ, ಹೆಪಟೈಟಿಸ್ ಕಿಟ್‌ಗಳನ್ನೂ ಅದೇ ದಿನ ಬದಲಿಸಬೇಡಿ. ಅವುಗಳ ಪರೀಕ್ಷೆ ಬೇರೆಯೇ: ಕೂಡಿಸಿಟ್ಟ ಪಾಸಿಟಿವ್, ನೆಗೆಟಿವ್ ಸೀರಂಗಳ ಮೇಲೆ ಹಳೆಯ, ಹೊಸ ಕಿಟ್ ಎರಡನ್ನೂ ಓಡಿಸಿ. ಕಟ್-ಆಫ್ (ಪಾಸಿಟಿವ್ ಎನ್ನುವ ಗಡಿ) ಲೆಕ್ಕ ಕಿಟ್‌ನಿಂದ ಕಿಟ್‌ಗೆ ಬೇರೆ, ಹಾಗಾಗಿ ಎರಡರ ಓ.ಡಿ. (ಆಪ್ಟಿಕಲ್ ಡೆನ್ಸಿಟಿ, ಬಣ್ಣದ ಗಾಢತೆ) ಅಂಕಿಗಳನ್ನು ಹೋಲಿಸಬೇಡಿ.

ಆಮೇಲಿನ ತಿಂಗಳುಗಳು

ಗ್ರೂಪಿಂಗ್ ರಿಜಿಸ್ಟರ್‌ನಲ್ಲಿ ಲಾಟ್ ನಂಬರ್‌ಗೆ ಒಂದು ಕಾಲಂ ಇಲ್ಲದಿದ್ದರೆ ಇವತ್ತೇ ಎಳೆಯಿರಿ. ಲಾಟ್ ಕೆಟ್ಟದ್ದು ಎಂದು ನಾಳೆ ಗೊತ್ತಾದರೆ, ಅದರಲ್ಲಿ ಟೆಸ್ಟ್ ಆದ ಡೋನರ್, ರೋಗಿ ಯಾರೆಂದು ಹುಡುಕಲು ಇದೊಂದೇ ದಾರಿ. ಡ್ರಗ್ಸ್ ಆ್ಯಂಡ್ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ದಾಖಲೆ 5 ವರ್ಷ ಇಡಬೇಕು. ಹೋಲಿಕೆಯ ಪುಸ್ತಕವನ್ನೂ ಅಷ್ಟೇ ಜೋಪಾನವಾಗಿಡಿ.

ಗ್ರೂಪಿಂಗ್ ಸೀರಂ, ಕೂಂಬ್ಸ್, ಲೆಕ್ಟಿನ್ ಬಳಸುವ ಪ್ರತಿದಿನ ಕಂಟ್ರೋಲ್ ಹಾಕಬೇಕೆಂದು ನಿಯಮವೇ ಹೇಳುತ್ತದೆ. ಬದಲಿಸಿದ ಮೊದಲ ತಿಂಗಳುಗಳಲ್ಲಿ ರಿಯಾಕ್ಷನ್ 4+ ಇದ್ದದ್ದು 3+ಗೆ ಇಳಿಯುತ್ತಿದೆಯಾ ಎಂದು ವಾರಕ್ಕೊಮ್ಮೆ ಸಾಲಾಗಿ ಓದಿ. ದಿನದ ಲೆಕ್ಕದಲ್ಲಿ ಕಾಣದ ಇಳಿತ ವಾರದ ಲೆಕ್ಕದಲ್ಲಿ ಕಾಣುತ್ತದೆ.

ದೋಷ ಸಿಕ್ಕರೆ ಆ ಬಾಟಲಿ ಎಸೆಯಬೇಡಿ. ಅದನ್ನೂ, ಅದೇ ಲಾಟ್‌ನ ತೆರೆಯದ ಬಾಟಲಿಯನ್ನೂ, ಫ್ರಿಜ್ ಚಾರ್ಟ್‌ನ ಪ್ರತಿಯನ್ನೂ ಇಟ್ಟುಕೊಂಡು ಬರವಣಿಗೆಯಲ್ಲಿ ದೂರು ಕೊಡಿ. ಸಪ್ಲೈಯರ್‌ಗೆ ಮಾತ್ರ ಸಾಲದು. ಔಷಧ ನಿಯಂತ್ರಣ ಇಲಾಖೆಗೂ, ವೈದ್ಯಕೀಯ ಸಾಧನಗಳ ದೋಷ ದಾಖಲಿಸಲು 2015ರಲ್ಲಿ ಶುರುವಾದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೂ ತಿಳಿಸಿ. ರೋಗಿಗೆ ರಿಯಾಕ್ಷನ್ ಆಗಿದ್ದರೆ ನೊಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆ ನಡೆಸುವ ಹೀಮೋವಿಜಿಲೆನ್ಸ್‌ಗೆ (ರಕ್ತ ಪಡೆದವರ ರಿಯಾಕ್ಷನ್ ದಾಖಲಿಸುವ ಕಾರ್ಯಕ್ರಮ) ವರದಿ ಹೋಗಲೇಬೇಕು. ನಮ್ಮ ಲ್ಯಾಬ್‌ನಲ್ಲಿ ಸಿಕ್ಕ ಕೆಟ್ಟ ಲಾಟ್ ಸಿಂಧನೂರಿನಲ್ಲೋ ಗಂಗಾವತಿಯಲ್ಲೋ ಇನ್ನೊಬ್ಬರ ಬೆಂಚ್ ಮೇಲೂ ಇರಬಹುದು, ಅಲ್ವಾ?

ಹಳೆಯ ಸಪ್ಲೈಯರ್ ಜೊತೆ ಸಂಬಂಧ ಕಡಿದುಕೊಳ್ಳಬೇಡಿ. ಎಕ್ಸ್‌ಪೈರಿ ಇರುವವರೆಗೆ ಅವರ ಒಂದೊಂದು ಬಾಟಲಿ ಬೀಗದ ತಟ್ಟೆಯಲ್ಲಿರಲಿ. ಹೊಸ ಸಪ್ಲೈಯರ್‌ನ ಎರಡನೇ ಲಾಟ್ ಬಂದಾಗ ಅದನ್ನೂ ಹಿಂದಿನ ಲಾಟ್ ಜೊತೆ ಹೋಲಿಸಿ ನೋಡಿ. ಈ ಸಲ ಇಪ್ಪತ್ತು ಸ್ಯಾಂಪಲ್ ಸಾಕು, ದುರ್ಬಲ ಡಿ ಮತ್ತು ಎ2 ಇದ್ದರೆ. ಆ ಎರಡನೇ ಲಾಟ್ ಪಾಸಾದ ಮೇಲೆ ಹಳೆಯವರಿಗೆ ಲೆಕ್ಕ ಚುಕ್ತಾ ಮಾಡಿ, ಹೆಸರನ್ನು ಎರಡನೇ ಸಪ್ಲೈಯರ್ ಪಟ್ಟಿಯಲ್ಲಿ ಉಳಿಸಿಕೊಳ್ಳಿ.